ಮೊದಲ ಎರಡು ಪುಟ

ಆ ಎರಡು ಪುಟಗಳಿಗೆ ಬೆಲೆ ತೆತ್ತವರು ಶಾಲೆಯ ಆಡಳಿತ ಮಂಡಳಿಯವರಲ್ಲ, ಅವುಗಳನ್ನು ಬರೆದ ನಾನೂ ಅಲ್ಲ. ನಮ್ಮ ಟೈಪಿಂಗ್ ಮಿಸ್ಸು. ಅವರ ಬಲಗೈ ತೋರುಬೆರಳಿನ ಉಗುರು ಸದಾ ನಸುಗೆಂಪಾಗಿರುತ್ತಿತ್ತು. ಸ್ಟೆನ್ಸಿಲ್ ಹಾಳೆಯ ತಪ್ಪುಗಳನ್ನು ಮುಚ್ಚುವ ದ್ರಾವಣದ ಬಣ್ಣ ಅದು, ಸೀಗೆಪುಡಿಗೂ ಜಗ್ಗುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆ. ಚಿಂತಾಮಣಿಯ ಬಸ್‌ಸ್ಟಾಂಡಿನ ಹಿಂದೆ, ಮಹಡಿಯ ಮೇಲೆ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್. ನಮ್ಮ ಶಾಲೆಯ ಪ್ರಶ್ನೆಪತ್ರಿಕೆಗಳೆಲ್ಲ ಅಲ್ಲಿನ ಸೈಕ್ಲೋಸ್ಟೈಲ್ ಯಂತ್ರದಲ್ಲೇ ಅಚ್ಚಾಗುತ್ತಿದ್ದವು. ಬೇಸಿಗೆ ರಜೆಯಲ್ಲಿ ಯಂತ್ರ ಸುಮ್ಮನೆ ಕೂತಿರುವುದನ್ನು ಸಹಿಸಲಾರದೆ ಮಿಸ್ಸು ನಮ್ಮಲ್ಲಿ ಒಂಬತ್ತು ಮಂದಿಯನ್ನು ಕರೆದು ಸ್ಟೆನ್ಸಿಲ್ ಹಾಳೆಯ ಮೇಲೆ ಚೂಪು ಕಡ್ಡಿಯಿಂದ ಗೀಚಿ ಚಿತ್ರಕಥೆ ಬರೆಯಲು ಕೂರಿಸಿದರು. ಗೀಚಿದಲ್ಲೆಲ್ಲ ಮೇಣ ಕಿತ್ತು, ಅಲ್ಲಿಂದ ಶಾಯಿ ಇಳಿದು ಅಚ್ಚಾಗುತ್ತಿತ್ತು.

"ಆಗದೇ ಇರೋದನ್ನ ಬರೀರಪ್ಪಾ. ಆಗೋದೆಲ್ಲ ದಿನಾ ಪೇಪರಲ್ಲಿ ಬರುತ್ತೆ."

ಬರೆದೆವು. ಅಂಬಾಜಿದುರ್ಗದ ಬೆಟ್ಟಕ್ಕೆ ಕಾಲು ಬಂದು, ಅದು ಟೊಮ್ಯಾಟೊ ಮಾರಲು ಸಂತೆಗೆ ಹೊರಟಿತು. ಶಿಡ್ಲಘಟ್ಟದ ರೇಷ್ಮೆಹುಳುವೊಂದು ತನ್ನ ನೂಲಿನಿಂದಲೇ ಪ್ಯಾರಾಚೂಟ್ ನೇಯ್ದು, ಬಿಸಿನೀರಿನ ಬಾಣಲೆಯಿಂದ ಪಾರಾಯಿತು. ಒಬ್ಬ ಹುಡುಗ ತನ್ನ ರಾಕ್ಷಸನಿಗೆ ಮೈತುಂಬ ಕಪ್ಪು ಬಳಿಯಲು ಹೊರಟಾಗ ಮಿಸ್ಸು ತಡೆದರು: "ಅಷ್ಟು ಕಪ್ಪು ಗೀಚಿದ್ರೆ ಹಾಳೆ ಹರಿದೋಗುತ್ತೆ ಕಣೋ. ನಿನ್ನಂಗೇ ಬೆಳ್ಳಗಿರ್ಲಿ ಬಿಡು!" ಕಪ್ಪು ಮೈಯವರೇ ಕೆಟ್ಟವರೆಂಬ ಹಳೆಯ ಸುಳ್ಳು ಹೀಗೆ ನಗುನಗುತ್ತಲೇ ನಮ್ಮ ಸಂಕಲನದಿಂದ ಹೊರಗುಳಿಯಿತು.

ನನ್ನ ಕಥೆಯಲ್ಲಿ ಚಂದ್ರ ಊರ ಬಾವಿಗೆ ಬಿದ್ದಿದ್ದ. ನಮ್ಮೂರಿನ ಬಾವಿಯ ಹಗ್ಗವನ್ನು ನಮ್ಮ ಕೇರಿಯವರು ಮುಟ್ಟುವಂತಿರಲಿಲ್ಲ. ಯಾರಾದರೂ ಸೇದಿ ಹೊಯ್ಯುವವರೆಗೆ ಕೊಡ ಹಿಡಿದು ಕಾಯಬೇಕಿತ್ತು. ಇದನ್ನು ಪದ್ಧತಿ ಎನ್ನುತ್ತಿದ್ದರು. ಇದರ ಹೆಸರು ಅಸ್ಪೃಶ್ಯತೆ. ಕಥೆಯ ಚಂದ್ರ ಮಾತ್ರ, ಎಂದೂ ಹಗ್ಗ ಮುಟ್ಟದ ಹುಡುಗಿ ಸೇದಿದರಷ್ಟೇ ಮೇಲೆ ಬರುವೆನೆಂದು ಹಟ ಹಿಡಿದಿದ್ದ.

ನಾನು ಬರೆಯುತ್ತಿದ್ದ ಚಂದ್ರನನ್ನು ನೋಡಿ ಮಿಸ್ಸು ಹೌಹಾರಿದರು. "ಅಯ್ಯೋ ತಲ್ಲೀ, ಸುತ್ತು ಪೂರ್ತಿ ಮುಚ್ಚಬೇಡ ಕಣೇ! ಮೇಣದ ಹಾಳೆ ಇದು, ನಿನ್ ಚಂದ್ರ ಕತ್ತರಿಸಿಕೊಂಡು ಉದುರೋಗ್ತಾನೆ. ಒಂಚೂರು ಸಂದು ಬಿಡು."

"ಸಂದು ಬಿಟ್ರೆ ಚೆನ್ನಾಗ್ ಕಾಣಲ್ಲ ಮಿಸ್."

"ಬಾಗ್ಲು ಅಂದ್ಕೋ."

ಹಾಗೆಯೇ ಅಂದುಕೊಂಡೆ. ಚಂದ್ರನನ್ನು ಸೇದಿ ಮೇಲೆತ್ತಿದ ಹುಡುಗಿ ಆ ಬಾಗಿಲಿನಿಂದ ಅವನೊಳಗೆ ಹೊಕ್ಕು, ಅವನನ್ನು ಉರುಳಿಸುತ್ತ ಕೇರಿಗೆ ಬಂದಳು. ನನಗೆ ಕುಣಿಯುವಷ್ಟು ಸಂತೋಷವಾಯಿತು.

ಅಚ್ಚಿಗೆ ಹೋಗುವ ಮುನ್ನ ಆಡಳಿತ ಮಂಡಳಿಯ ಅಧ್ಯಕ್ಷರು ಮಹಡಿ ಹತ್ತಿ ಬಂದರು. ಅವರು ನಮ್ಮೂರಿನವರೇ.

"ಈ ಬಾವಿ ಕಥೆ ತೆಗೆದ್ಬಿಡೀಮ್ಮಾ. ಮಕ್ಕಳ ಪುಸ್ತಕದಲ್ಲಿ ಊರ ಜಗಳ ಯಾಕೆ?"

"ಚಂದ್ರ ಬಾವಿಗೆ ಬಿದ್ದ ಅಂತ ಬರ್ದವ್ಳೆ ಸಾರ್. ಯಾವ ಊರು ಅಂತ ಬರ್ದಿಲ್ವಲ್ಲಾ?"

"ಓದಿದ್ರೆ ಗೊತ್ತಾಗಲ್ವೇನ್ರೀ ಯಾವೂರ್ದು ಅಂತ?"

"ಹಂಗಾರೆ ನಿಮಗೂ ಗೊತ್ತು ಅಂತಾಯ್ತು!"

ಅಧ್ಯಕ್ಷರ ಮುಖ ಕೆಂಪಾಯಿತು. "ಪ್ರಶ್ನೆಪತ್ರಿಕೆ ಕೆಲಸ ಬೇರೆಯವರೂ ಮಾಡ್ತಾರೆ, ನೆನಪಿರ್ಲಿ," ಎಂದು ಹೇಳಿ ಇಳಿದುಹೋದರು. ಕೊನೆಯಲ್ಲಿರಬೇಕಿದ್ದ ನನ್ನ ಕಥೆಯನ್ನು ಮಿಸ್ಸು ಎತ್ತಿ ಮೊದಲಿಗಿಟ್ಟರು. ತಾವೇ ಒಂದು, ಎರಡು ಎಂದು ಪುಟಸಂಖ್ಯೆ ಬರೆದರು. ಅಂದು ಒಂಬತ್ತು ಮಂದಿಯೂ ಸರದಿಯಂತೆ ಯಂತ್ರದ ಹಿಡಿ ತಿರುಗಿಸಿದೆವು. ಮೊಣಕೈವರೆಗೆ ಶಾಯಿ ಮೆತ್ತಿಕೊಂಡು, ಒದ್ದೆ ಹಾಳೆಗಳನ್ನು ಮೆಟ್ಟಿಲುಗಳ ಮೇಲೆಲ್ಲ ಹರಡಿ, ಬಸ್ಸಿಗೆ ಕಾದವರಿಗೆ ಕೂಗಿ ಕೂಗಿ ಕಥೆ ಓದಿದೆವು. ಕಡಲೆಕಾಯಿ ಮಾರುವ ಅಜ್ಜಿಯೊಬ್ಬರು ನನ್ನ ಚಂದ್ರನ ಕಥೆಯನ್ನು ಎರಡೆರಡು ಸಲ ಓದಿಸಿಕೊಂಡರು.

ಅಧ್ಯಕ್ಷರು ನುಡಿದಂತೆ ನಡೆದರು. ಶಾಲೆಯ ಕೆಲಸ ಮತ್ತೆಂದೂ ಆ ಮಹಡಿ ಹತ್ತಲಿಲ್ಲ. "ಒಳ್ಳೇದಾಯ್ತು ಬಿಡೇ, ಲೆಕ್ಕದ ಪ್ರಶ್ನೆ ಟೈಪ್ ಮಾಡಿ ಮಾಡಿ ಬೇಜಾರಾಗಿತ್ತು," ಎಂದು ಮಿಸ್ಸು ನಕ್ಕರು. ನಾನು ಇಂದು ಬರೆಯುವ ಪ್ರತಿ ಸಾಲೂ ಆ ನಗುವಿಗೆ ಋಣಿ.

ಕಳೆದ ವರ್ಷ ಮಿಸ್ಸು ತೀರಿಕೊಂಡರು. ಈ ವರ್ಷ ಶಾಲೆಯವರು ಅದೇ ಸಂಕಲನವನ್ನು ಜೆರಾಕ್ಸ್ ಮಾಡಿಸಿ, ಹೊಸ ರಕ್ಷಾಪುಟ ಹೊಲಿಸಿ, ವಾರ್ಷಿಕೋತ್ಸವಕ್ಕೆ ಸಿದ್ಧಪಡಿಸಿದ್ದಾರೆ. ತೆರೆದರೆ ಮೊದಲು ಕಾಣುವುದು ಮೂರನೆಯ ಪುಟ.

ಆಡಳಿತ ಮಂಡಳಿಯ ಇಂದಿನ ಅಧ್ಯಕ್ಷರೇ, ಸದಸ್ಯರೇ, ಪ್ರತಿಗಳಿನ್ನೂ ನಿಮ್ಮ ಕಚೇರಿಯಲ್ಲೇ ಇವೆ. ಹಂಚುವ ಮೊದಲು ಒಂದನೆಯ ಮತ್ತು ಎರಡನೆಯ ಪುಟಗಳನ್ನು ಪ್ರತಿಯೊಂದಕ್ಕೂ ಸೇರಿಸಿ ಹೊಲಿಸಿ. ಮೂಲಪ್ರತಿ ನನ್ನಲ್ಲಿದೆ, ಕೇಳಿದ ದಿನವೇ ತಂದುಕೊಡುತ್ತೇನೆ.