ನಾವು ಕಟ್ಟಿಸಿದ ವಾಡೆ

ತೆಲಿಗಿ ಕಡೆಯ ಊರೊಂದರಲ್ಲಿ ಪಾಳುಬಿದ್ದ ವಾಡೆಯಿದೆ, ಕೋಟೆಯಂಥ ದೊಡ್ಡ ಮನೆ. ಅದರ ವಾರಸುದಾರ ಗುರುಸಂಗಪ್ಪಗೌಡರಿಗೆ ಭೂತಕಾಲವೆಂಬುದೇ ಇಲ್ಲ; ಮುತ್ತಜ್ಜಂದಿರು ಮಾಡಿದ್ದೆಲ್ಲ ‘ನಾವು’ ಮಾಡಿದ್ದೇ. “ಪಾಳೇಗಾರರ ಸಂಗಾಟ ನಾವು ಕುದುರಿ ಏರಿ ಹೋಗಿದ್ವಿರಿ, ಈ ಹುಡೇವು ನಾವ ಕಟ್ಟಿಸಿದ್ವಿ” ಎಂದು ಬುರುಜು ತೋರಿಸುತ್ತಾರೆ, ಮೊನ್ನೆಯಷ್ಟೇ ಸುಣ್ಣ ಬಳಿಸಿದವರಂತೆ. ಅದಕ್ಕೆ ತೋಪಿನ ಗುಂಡು ಬಡಿದ ಗುರುತು ತೋರಿಸುವಾಗ ತಮ್ಮ ಭುಜವನ್ನೇ ಸವರಿಕೊಳ್ಳುತ್ತಾರೆ. ಮನೆಯ ಸೊಸೆಯಂದಿರು ಅಮಾವಾಸ್ಯೆಗೊಮ್ಮೆ ಆ ಬುರುಜಿನ ಬುಡಕ್ಕೆ ಹಸಿರು ಬಳೆ ಇಡಬೇಕು. ಯಾಕೆಂದು ಕೇಳಿದರೆ ಗೌಡರು “ಪದ್ಧತಿರಿ” ಎಂದು ನಗುತ್ತಾರೆ. ಆಡುಗಳು ಮಾತ್ರ ನಡುಹಗಲಲ್ಲೂ ಅದರ ನೆರಳಿಗೆ ಹೋಗುವುದಿಲ್ಲ. ಕಳೆದ ವಾರ ಪುರಾತತ್ವ ಇಲಾಖೆಯವರು ಅಲ್ಲೇ ಅಗೆದರು. ಬುರುಜಿನ ಬುಡದ ಗೋಡೆಯೊಳಗೆ ನಿಂತಂತೆಯೇ ಒಂದು ಹೆಣ್ಣಿನ ಅಸ್ಥಿಪಂಜರ ಸಿಕ್ಕಿತು. ಮುಂಗೈ ತುಂಬ ಬಳೆ. ಎರಡೂ ಅಂಗೈ ಕಲ್ಲನ್ನು ಹೊರಕ್ಕೆ ತಳ್ಳುತ್ತಿದ್ದವು. ಸತ್ತವರು ಹಾಗೆ ತಳ್ಳುವುದಿಲ್ಲ. ಗೌಡರು ಬಗ್ಗಿ ನೋಡಿ, “ಆಗಿನ ಮಂದಿರಿ. ಅವರು ಏನೇನೋ ಮಾಡ್ಯಾರ. ಮುಚ್ಚಿಬಿಡ್ರಿ” ಎಂದರು. ಅವರ ಬಸುರಿ ಸೊಸೆ ಸುಮಲತಾ ಮೆಲ್ಲಗೆ ಕೇಳಿದಳು: “ಮಾವಾರ, ಕುದುರಿ ಏರಿದ್ದು ನಾವು, ಈಕಿನ್ನ ಹುಗಿದದ್ದು ಅವರೇನ್ರಿ?” ಗೌಡರು ಆಳುಗಳತ್ತ ತಿರುಗಿ, ಮಣ್ಣು ಎಳೆಯಿರೆಂದು ಕೈಮಾಡಿದರು. ಸುಮಲತಾ ಗುಂಡಿಯ ಅಂಚಿನಲ್ಲೇ ಕಾಲು ಚಾಚಿ ಕೂತಳು. ಮಣ್ಣು ಎಳೆಯುವ ಧೈರ್ಯ ಯಾವ ಆಳಿಗೂ ಬರಲಿಲ್ಲ.