ಬೆನ್ನಿಲ್ಲದ ಬೀರು

ಆದವಾನಿಯ ನಮ್ಮ ಮನೆಯಲ್ಲಿ ಪುಸ್ತಕಗಳು ಮೇಲಿನಿಂದ ಕೆಳಗಿಳಿದು ಬಂದವು. ಮಾವನವರ ಕಾಲದಲ್ಲಿ ಕೆಂಪು ವಸ್ತ್ರ ಸುತ್ತಿಕೊಂಡು, ತೊಲೆಯ ಕೆಳಗಿನ ನಾಗಂದಿಗೆಯ ಮೇಲೆ ಕೂತಿರುತ್ತಿದ್ದವಂತೆ. ವರ್ಷಕ್ಕೊಮ್ಮೆ ವಿಭೂತಿ, ಹೂವು. ಉಳಿದ ದಿನ ಅವನ್ನು ಓದುತ್ತಿದ್ದುದು ಒಲೆಯ ಹೊಗೆ. ನನ್ನ ಗಂಡ ಅವನ್ನು ಇಳಿಸಿದರು. ಹತ್ತಿ ಪ್ರೆಸ್ಸಿಗೆ ಯಂತ್ರ ಬಂದಿದ್ದ ಪೆಟ್ಟಿಗೆಯ ಹಲಗೆ ತಂದು, ಒಳಮನೆಯ ಗೋಡೆಗೆ ತಗ್ಗಿನಲ್ಲಿ ಹೊಡೆದು, "ಕುಂತಲ್ಲೇ ಕೈಗೆ ಸಿಗಬೇಕು ನಿನಗ" ಎಂದರು. ಶಾಲೆ ಬಿಟ್ಟಮೇಲೆ ಮರೆತಿದ್ದ ಅಕ್ಷರ ನನಗೆ ಮತ್ತೆ ಕೂಡಿ ಬಂದದ್ದು ಅಲ್ಲಿ, ಜೋಳ ಹಸನು ಮಾಡುತ್ತ.

ಅವರು ಜ್ವರದಲ್ಲಿ ಹೋದ ಮೇಲೆ ಅವರ ಅಣ್ಣನಿಗೆ, ನಮ್ಮ ಭಾವನವರಿಗೆ, ಆ ಪುಸ್ತಕಗಳ ಮೇಲೆ ಏಕಾಏಕಿ ಪ್ರೀತಿ ಹುಟ್ಟಿತು. ಹತ್ತಿ ವ್ಯಾಪಾರಿ ಅವರು. ಬಳ್ಳಾರಿಯ ಯಾವುದೋ ವಕೀಲರ ಮನೆಯಲ್ಲಿ ಗಾಜಿನ ಬೀರು ನೋಡಿ ಬಂದಿದ್ದರು. ತಮ್ಮ ಇದ್ದಾಗ ಒಂದು ಪುಟವನ್ನೂ ತಿರುವದವರು, ಸತ್ತ ಮೇಲೆ ತೇಗದ ಮರ ತರಿಸಿದರು.

"ಭಾವಾರ, ಅವು ಒಳಗ ಇರ್ಲಿರಿ. ನಾ ಓದ್ತೀನಿ."

"ನೀ ಓದಿ ಯಾವ ಕಚೇರಿಗೆ ಹೋಗಬೇಕವ್ವಾ? ಪಡಸಾಲ್ಯಾಗ ನಾಕು ಮಂದಿ ನೋಡ್ಲಿ. ತಮ್ಮನ ಹೆಸರು ಉಳೀತೈತಿ."

ಗಂಡ ಸತ್ತವಳು ಪಡಸಾಲೆಗೆ ಕಾಲಿಡುವಂತಿರಲಿಲ್ಲ.

ಬಡಿಗ ಬೀರುವಿನ ಹಿಂಬದಿಗೆ ಹಲಗೆ ಕೇಳಿದ.

"ಗ್ವಾಡಿಗೆ ಆನಸೋ ಬೀರುಕ್ಕ ಬೆನ್ನು ಯಾಕಲೇ? ಹಿಂದ ನಿಂತು ಯಾರು ನೋಡ್ತಾರ?" ಎಂದು ಭಾವ ಉಳಿದ ತೇಗದಲ್ಲಿ ನೆತ್ತಿಯ ಮೇಲೆ ಎರಡು ನವಿಲು ಕೆತ್ತಿಸಿದರು. ಮುಂದೆ ಗಾಜು, ಹಿತ್ತಾಳೆಯ ಬೀಗ. ಬೀಗದ ಕೈ ಅವರ ಉಡಿದಾರದಲ್ಲಿ. ಪಡಸಾಲೆಗೂ ಒಳಮನೆಗೂ ನಡುವೆ, ಬಂದವರಿಗೆ ಮಜ್ಜಿಗೆ ಕೊಡಲು, ಕಂಬಿಯಿಲ್ಲದ ಕಿಟಕಿಯೊಂದಿತ್ತು. ಹೆಂಗಸರು ಇಣುಕುವುದೂ ತಪ್ಪಲಿ ಎಂದು ಬೀರುವನ್ನು ಸರಿಯಾಗಿ ಅದಕ್ಕೇ ಅಡ್ಡ ನಿಲ್ಲಿಸಿದರು.

ಮರುದಿನ ಗಂಡಸರು ಹತ್ತಿ ಮಂಡಿಗೆ ಹೋದಾಗ ನಾನು ಒಳಗಿನಿಂದ ಕಿಟಕಿಯ ಕದ ತೆಗೆದೆ. ಪುಸ್ತಕಗಳು ನನ್ನ ಕಡೆಗೇ ಬಾಯಿ ಮಾಡಿ ನಿಂತಿದ್ದವು.

ಒಮ್ಮೆ ಹೊಳಗುಂದದ ದಲಾಲರೊಬ್ಬರು ಬಂದು, ಬೀರು ನೋಡಿ ತೆಲುಗು ಬೆರೆಸಿ ಹೊಗಳಿದರು. ಮುಚ್ಚಿದ ಕಿಟಕಿಯ ಕದದ ಹಿಂದೆ ಕೂತ ನನಗೆ ಪಡಸಾಲೆಯ ಮಾತು ಚೆನ್ನಾಗಿ ಕೇಳುತ್ತಿತ್ತು.

"ಬಾಗುಂದಿ, ಸಾವುಕಾರ್ರ, ಬಾಗುಂದಿ! ಆದ್ರ ನಡುವ ಒಂದು ಹಲ್ಲು ಬಿದ್ದೈತಲ್ರಿ?"

ಆ ಹಲ್ಲು ನನ್ನ ಮಡಿಲಲ್ಲಿತ್ತು. ಭಾವ ಬೀಗ ಜಗ್ಗಿ ನೋಡಿದ ಸದ್ದಾಯಿತು.

"ಛೇ, ಬೀಗ ಹಂಗೇ ಐತ್ರಿ. ತಮ್ಮ ಹೋದಾಗಿಂದ ಒಂದೂ ಅಲುಗಾಡಿಲ್ಲ."

ನಾನು ಆಗ ಗಂಡ ಪೆನ್ಸಿಲಿನಲ್ಲಿ ಗೀಟು ಎಳೆದಿದ್ದ ಸಾಲಿಗೆ ಬಂದಿದ್ದೆ. ಸದ್ದಾದೀತೆಂದು, ದಲಾಲರು ಎದ್ದು ಹೋಗುವವರೆಗೆ ಪುಟ ತಿರುವಲಿಲ್ಲ. ಆ ಒಂದು ಸಾಲನ್ನೇ ಓದುತ್ತ ಕೂತೆ.