ಮೊಟ್ಟೆಯಣ್ಣನ ಮೂಗು

ಗ್ಯಾಸ್ ಕಂಪನಿ ಮೊಟ್ಟೆಯಣ್ಣನಿಗೆ ಒಂದು ಮೂಗು ಬಾಕಿ ಉಳಿಸಿಕೊಂಡಿದೆ. ಸಂಬಳವನ್ನೇನೋ ಚುಕ್ತಾ ಮಾಡಿಯೇ ಮನೆಗೆ ಕಳಿಸಿತು. ಮೂಗಿನ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ.

ನೆಲದಡಿಯ ಪೈಪಿನಲ್ಲಿ ಹರಿಯುವ ಗ್ಯಾಸಿಗೆ ತನ್ನದೆಂಬ ವಾಸನೆಯಿಲ್ಲ. ಸೋರಿದರೆ ಜನಕ್ಕೆ ಗೊತ್ತಾಗಲಿ ಎಂದು ಕೊಳೆತ ಮೊಟ್ಟೆಯಂತೆ ನಾರುವ ಎಣ್ಣೆಯೊಂದನ್ನು ಅದಕ್ಕೆ ಬೆರೆಸುತ್ತಾರೆ. ಊರಾಚೆಯ ಷೆಡ್ಡಿನಲ್ಲಿ ಆ ಎಣ್ಣೆಯ ಪೀಪಾಯಿ ಬದಲಿಸುತ್ತಿದ್ದವನು ಇವನು. ಮೀಸೆ ಚಿಗುರಿದಾಗಿನಿಂದ ಇದೇ ಕೆಲಸ. ಆ ನಾತ ಅಂಗಿಗೆ ಹತ್ತಿ ಮೊಟ್ಟೆಯಣ್ಣ ಎಂಬ ಹೆಸರೇ ಬಿತ್ತು. "ಹೌಸ್‌ಫುಲ್ ಸಿನಿಮಾದಲ್ಲೂ ನನ್ನ ಆಚೆ ಈಚೆ ಸೀಟು ಖಾಲಿ, ರಾಜಯೋಗ ಕಣಯ್ಯ!" ಎಂದು ತಾನೇ ನಗುತ್ತಿದ್ದ.

ಒಂದು ದಿನ ಹಾಲು ಸೀದು ತಳ ಹಿಡಿಯಿತು. ಇವನು ಪಕ್ಕದಲ್ಲೇ ಪೇಪರ್ ಓದುತ್ತ ಕೂತಿದ್ದ.

"ಏನ್ರೀ, ಮೂಗನ್ನೇನು ಅಡವಿಟ್ಟು ಬಂದ್ರಾ?" ಎಂದಳು ಹೆಂಡತಿ. ಬೆಳ್ಳುಳ್ಳಿ ಜಜ್ಜಿ ಅವನ ಮೂಗಿಗೆ ಹಿಡಿದಳು. ಏನೂ ಇಲ್ಲ. ಮತ್ತೆಂದೂ ಅವಳು ಆ ತಮಾಷೆ ಮಾಡಲಿಲ್ಲ.

ಕಂಪನಿಗೆ ಹೇಳುವಂತಿಲ್ಲ. ವಾಸನೆ ತಿಳಿಯದವನನ್ನು ಷೆಡ್ಡಿಗೆ ಬಿಡುವುದಿಲ್ಲ, ಬೇರೆ ಕೆಲಸವನ್ನೂ ಕೊಡುವುದಿಲ್ಲ. ತಪಾಸಣೆಯ ಡಾಕ್ಟರು ಮೂಗಿಗೆ ಎಣ್ಣೆಯ ಶೀಷೆ ಹಿಡಿದಾಗಲೆಲ್ಲ ಮುಖ ಸಿಂಡರಿಸಿ ಪಾಸಾಗುತ್ತಿದ್ದ.

ಈ ಬೇಸಿಗೆಯಲ್ಲಿ ಅವನ ಗಲ್ಲಿ ನಾರತೊಡಗಿತು. ಎದುರು ಮನೆಯ ಟೈಲರಮ್ಮ ಕಂಪನಿಗೆ ಫೋನು ಮಾಡಿದಳು. ವಿಳಾಸ ಕೇಳಿ ಅಲ್ಲಿನವನು ನಕ್ಕ. "ಅಯ್ಯೋ, ಅಲ್ಲಿ ನಮ್ಮೋನೊಬ್ಬ ಇದ್ದಾನಲ್ಲಮ್ಮ! ಅವನ ಅಂಗಿ ವಾಸನೆ ಅದು. ಕಿಟಕಿ ಹಾಕ್ಕೊಳ್ಳಿ." ಯಾರೂ ಬರಲಿಲ್ಲ.

ಈ ಕಂಪನಿ ಮೂವರು ಧಣಿಗಳನ್ನು ಕಂಡಿದೆ. ಗಲ್ಲಿಯ ಕೆಳಗಿರುವುದು ಮೊದಲ ಧಣಿ ಹೂಳಿಸಿದ ಕಬ್ಬಿಣದ ಪೈಪು. ಆಮೇಲಿನವರು ಬದಲಿಸಿದ್ದು ಗೇಟಿನ ಬೋರ್ಡು ಮಾತ್ರ. 'ನಮ್ಮಲ್ಲಿ ಸೋರಿಕೆಯೇ ಇಲ್ಲ' ಎಂಬ ಸಾಲು ಮೂವರ ಬೋರ್ಡಿನಲ್ಲೂ ಇತ್ತು. ಅಗೆಯದೆ ಕೂತವರಿಗೆ ಸೋರಿಕೆ ಎಲ್ಲಿಂದ ಕಾಣಬೇಕು?

ಟೈಲರಮ್ಮ ಬಾಗಿಲಿಗೆ ಬಂದಳು. "ಮೊಟ್ಟೆಯಣ್ಣ, ಬೇಜಾರು ಮಾಡ್ಕೋಬೇಡ. ನಿನ್ನ ಬಟ್ಟೆಗೊಂದು ಕಡ್ಡಿ ಗೀರು."

"ಇಲ್ಲಿ ಕಡ್ಡಿ ಮಾತು ಬೇಡಕ್ಕ. ನಿಜವಾಗ್ಲೂ ಸೋರ್ತಿದ್ರೆ?"

"ಹಾಗಾದ್ರೆ ಹೇಳು. ಆ ಎಣ್ಣೇಲೇ ಬೆಳೆದೋನು ನೀನು. ಇದು ಅಂಗಿನಾ, ಪೈಪಾ?"

ಅವನು ಮೂಗೆಳೆದ. ಗಾಳಿ ಒಳಗೆ ಹೋಯಿತು, ಹೊರಗೆ ಬಂತು. ಅಷ್ಟೆ.

"ಪೈಪೇ ಅಕ್ಕ," ಒಳಗಿನಿಂದ ಹೆಂಡತಿ ಕೂಗಿದಳು. "ಆ ಅಂಗಿ ಒಗೆದೊಗೆದು ನನ್ನ ಕೈ ಸವೆದಿದೆ, ನನಗೆ ಗೊತ್ತಿಲ್ವಾ? ಇದು ಹೊಸ್ತಿಲ ಕೆಳಗಿಂದ ಬರ್ತಿದೆ."

ಅವನು ಬಟ್ಟೆಯನ್ನೆಲ್ಲ ಗಂಟು ಕಟ್ಟಿಕೊಂಡು ಭಾವಮೈದುನನ ಮನೆಗೆ ಹೋಗಿ ನಾಲ್ಕು ದಿನ ಉಳಿದ. ಅವನಿಲ್ಲದಾಗಲೂ ಗಲ್ಲಿ ನಾರಿತು. ಟೈಲರಮ್ಮ ಮತ್ತೆ ಫೋನು ಮಾಡಿದಳು. "ಗೋಡೆಗೆ ಇಳಿದಿರುತ್ತೆ, ಬಣ್ಣ ಹೊಡೆಸಿ," ಎಂದರು.

ಕೊನೆಗೆ ಅವನೇ ಸೂಪರ್‌ವೈಸರನ ಮುಂದೆ ನಿಂತ. "ಸಾರ್, ನಮ್ಮ ಗಲ್ಲಿ ಅಗೆಸಿ."

"ನಿನಗೆ ವಾಸನೆ ಬಂತಾ?"

ಬಂತು ಎಂದರೆ ಅಂಗಿಯದು ಎನ್ನುತ್ತಾರೆ. ಇಲ್ಲ ಎಂದರೆ ಕೆಲಸ ಹೋಗುತ್ತದೆ. ಅಲ್ಲಿ ಮನೆಯಲ್ಲಿ, ಆ ನಾರುವ ಹೊಸ್ತಿಲ ಮೇಲೆ ಹೆಂಡತಿ ಕೂತಿದ್ದಾಳೆ.

"ನನಗೆ ಯಾವ ವಾಸನೆನೂ ಬರಲ್ಲ ಸಾರ್. ನಿಮ್ಮ ಷೆಡ್ಡೇ ತಿಂದುಹಾಕ್ತು. ಗಲ್ಲಿಯೋರಿಗೆಲ್ಲ ಬರ್ತಿದೆ."

"ಮೂಗಿಲ್ಲದೋನ ಮಾತು ಕೇಳಿ ರಸ್ತೆ ಅಗೀಬೇಕಾ? ನಾಳೆಯಿಂದ ಬರಬೇಡ ಹೋಗು."

ಈಗ ಅವನಿಗೆ ಕೆಲಸವಿಲ್ಲ. ಆ ಅಂಗಿಗಳೂ ಮನೆಯಲ್ಲಿಲ್ಲ. ಆದರೂ ಟೈಲರಮ್ಮನಿಗೆ ಫೋನಿನಲ್ಲಿ ಸಿಗುವುದು ಅದೇ ಉತ್ತರ. ನಾರುವ ಮನೆಯನ್ನು ಬಿಟ್ಟಿ ಕೊಟ್ಟರೂ ಕೊಳ್ಳುವವರಿಲ್ಲ, ಬೇರೆ ಮನೆ ಹಿಡಿಯಲು ಗತಿಯಿಲ್ಲ. ಒಲೆ ಹಚ್ಚುವುದನ್ನು ನಿಲ್ಲಿಸಿದ್ದಾರೆ. ಕಿಟಕಿಗಳನ್ನೆಲ್ಲ ತೆರೆದಿಟ್ಟು ಅವನು ಹೆಂಡತಿಯ ಮುಖವನ್ನೇ ನೋಡುತ್ತ ಕೂರುತ್ತಾನೆ.

"ಹೆಚ್ಚಾಯ್ತಾ?"

"ನಿನ್ನೆಗಿಂತ ಸ್ವಲ್ಪ."

ಇದನ್ನು ಓದುತ್ತಿರುವವರೇ, ನಿಮಗೆ ಮೂಗಿದೆ. ಅಯ್ಯೋ ಪಾಪ ಎನ್ನಬೇಡಿ, ಅದರಿಂದ ಯಾವ ಪೈಪೂ ಮುಚ್ಚುವುದಿಲ್ಲ. ಆ ಗಲ್ಲಿಗೆ ಬನ್ನಿ, ನೀವೇ ಮೂಸಿ. ಆಮೇಲೆ ಕಂಪನಿಯ ಗೇಟಿಗೆ ನಡೆಯಿರಿ. ಅಂಗಿ ಎಂದರೆ ನಿಮ್ಮ ಅಂಗಿ ತೋರಿಸಿ. ಗುದ್ದಲಿ ಹೊರಡುವವರೆಗೆ ಅಲ್ಲಿಂದ ಕದಲಬೇಡಿ.